ಪ್ರಾಸದಲ್ಲಿ ಬಂದ ಉತ್ತರ

ಈ ತಂಪು ಸಭಾಂಗಣದಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು ನೆರೆದಿರುವ ಬರಾಂಕಿಯದ ಮಹಾಜನಗಳೇ, ಇತ್ತ ಕಿವಿಗೊಡಿ. ಅಧ್ಯಕ್ಷ ಪೀಠವನ್ನು ಅಲಂಕರಿಸಿರುವ ಲುಮಿಕೋಸ್ತಾ ವಿದ್ಯುತ್ ಕಂಪನಿಯ ಮಾನ್ಯ ನಿರ್ದೇಶಕರೇ, ಗ್ರಾಹಕ ಸಂಪರ್ಕ ವಿಭಾಗದ ಮುಖ್ಯಸ್ಥೆ ಡಾಕ್ಟರ್ ಇವೊನ್ ಲಕೂತೂರ್ ಅವರೇ, ಮುಂದಿನ ಸಾಲಿನ ಅಧಿಕಾರಿಗಳೇ, ಬಾಗಿಲಿಗೊರಗಿ ನಿಂತ ಕಾವಲಿನವರೇ, ಹಿಂದಿನ ಸಾಲಿನಲ್ಲಿ ಬೀಸಣಿಗೆಗೆ ಕೆಲಸವಿಲ್ಲದೆ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಕುಳಿತಿರುವ ನನ್ನ ಬೀದಿಯ ತಾಯಂದಿರೇ, ಸಭಿಕರೇ.

ಈ ಮೈಕನ್ನು ಸ್ವಲ್ಪ ಪಕ್ಕಕ್ಕಿಡುತ್ತೇನೆ. ಮೈಕಿಗೆ ಕರೆಂಟ್ ಬೇಕು, ನನ್ನ ಗಂಟಲಿಗೆ ಬೇಡ.

ನಕ್ಕಿರಿ. ನಗುತ್ತೀರೆಂದು ಗೊತ್ತಿತ್ತು. ನಾನು ಬಾಯಿ ತೆರೆದರೆ ಈ ಊರು ನಗುತ್ತದೆ. ಅದು ಈಗ ಅಭ್ಯಾಸವಾಗಿಬಿಟ್ಟಿದೆ. ಇವತ್ತು ನಾನು ಮಾತಾಡಬೇಕೆಂದಿರುವುದು ಆ ನಗುವಿನ ವಿಷಯವನ್ನೇ.

ಮೊದಲು ಸನ್ಮಾನಕ್ಕೆ ಕೃತಜ್ಞತೆ. 'ವರ್ಷದ ಗ್ರಾಹಕ ಧ್ವನಿ' ಎಂಬ ಈ ಗಾಜಿನ ಫಲಕ ಚೆನ್ನಾಗಿದೆ, ಭಾರವಾಗಿದೆ. ಜೊತೆಗೆ ಒಂದು ಫ್ಯಾನು ಕೊಟ್ಟಿದ್ದೀರಿ. ಕರೆಂಟ್ ಇದ್ದಾಗ ಚಾರ್ಜ್ ಮಾಡಿಟ್ಟುಕೊಂಡರೆ ಕರೆಂಟ್ ಹೋದಾಗ ತಿರುಗುವ ಫ್ಯಾನು. ವಿದ್ಯುತ್ ಕಂಪನಿಯೊಂದು ಗಿರಾಕಿಗೆ ಇಂಥ ಉಡುಗೊರೆ ಕೊಡುವುದೆಂದರೆ ಚಪ್ಪಲಿ ಅಂಗಡಿಯವನು ಚಪ್ಪಲಿಯ ಜೊತೆಗೆ ಗಾಯದ ಮುಲಾಮನ್ನೂ ಕಟ್ಟಿಕೊಟ್ಟ ಹಾಗೆ. ಇರಲಿ. ಕೊಟ್ಟವರ ಮನಸ್ಸು ದೊಡ್ಡದು.

ನಾನು ಯಾರು? ಅನೀಬಾಲ್ ಚಾರ್ರಿಸ್. ವಾಸ ಸೆಯ್ಬಿತಾ ಬಡಾವಣೆ. ಕಸುಬು ಕೂಗುವುದು. ಮುದಿ ಕಾರಿನ ನೆತ್ತಿಗೆ ಧ್ವನಿವರ್ಧಕ ಕಟ್ಟಿಕೊಂಡು ಬೆಣ್ಣೆಹಣ್ಣು ಬಂದಿದೆ, ಸೀಗಡಿ ಬಂದಿದೆ, ಇಂಥವರ ಅಜ್ಜ ತೀರಿಕೊಂಡರು, ಮಣ್ಣು ಇಷ್ಟು ಹೊತ್ತಿಗೆ ಎಂದು ಬೀದಿ ಬೀದಿ ಸಾರುತ್ತೇನೆ. ನಿಮ್ಮಲ್ಲಿ ಅರ್ಧದಷ್ಟು ಜನರ ಮನೆಯ ಸಾವನ್ನು ನಾನೇ ಕೂಗಿದ್ದೇನೆ. ಆದರೆ ಅದು ಹೊಟ್ಟೆಪಾಡು. ನಾನು ಹುಟ್ಟಿದ್ದು, ಬೆಳೆದದ್ದು, ಉಸಿರಾಡಿದ್ದು ಉಪವಾಸದ ದಿನಗಳಿಗೆ ಮುಂಚಿನ ಹಬ್ಬದಲ್ಲಿ, ಕಾರ್ನಿವಲ್‌ನಲ್ಲಿ, ನಮ್ಮಪ್ಪನ ಮೇಳದಲ್ಲಿ.

ಆ ಮೇಳವನ್ನು ನೆನಪಿಟ್ಟುಕೊಂಡಿರುವ ತಲೆಗಳು ಇಲ್ಲಿ ಕೆಲವಾದರೂ ಇರಬೇಕು. ಕಪ್ಪು ನಿಲುವಂಗಿ ತೊಟ್ಟ ಗಂಡಸರು ಮೂಲೆಯ ಕಟ್ಟೆ ಹತ್ತಿ, ಇಗರ್ಜಿಯ ಪ್ರಾರ್ಥನೆಯ ರಾಗದಲ್ಲೇ ಮೇಯರನನ್ನು, ಮಂತ್ರಿಯನ್ನು, ನೀರು ಬಿಡದವನನ್ನು, ಕಸ ಎತ್ತದವನನ್ನು ನಾಲ್ಕು ನಾಲ್ಕು ಸಾಲಿನ ಪದ್ಯಗಳಲ್ಲಿ ಬೈಯುವುದು. ಮುಂದಾಳು ಒಂದು ಪದ್ಯ ಹೇಳಬೇಕು, ಮೇಳ ಪಲ್ಲವಿ ಎತ್ತಬೇಕು, ಬೀದಿ ಹೊಟ್ಟೆ ಹಿಡಿದುಕೊಂಡು ನಗಬೇಕು. ನಮ್ಮಪ್ಪ ಎದೆ ತಟ್ಟಿ ಹೇಳುತ್ತಿದ್ದ, "ಬೈದ್ರೆ ಜೈಲು, ಹಾಡಿ ಬೈದ್ರೆ ಊಟ" ಅಂತ. ಬೈಸಿಕೊಂಡ ಮೇಯರನೇ ಮೊದಲು ಚಪ್ಪಾಳೆ ತಟ್ಟಿ ನಮಗೆ ರಮ್ ಕೊಡಿಸುತ್ತಿದ್ದ. ಮರುವರ್ಷವೂ ಕಸ ಅಲ್ಲೇ ಬಿದ್ದಿರುತ್ತಿತ್ತು. ಆಗ ಅದು ನನಗೆ ವಿಚಿತ್ರವೆನಿಸಲಿಲ್ಲ. ಯಾರಿಗೆ ತಾನೇ ಅನಿಸಿತ್ತು?

ಆ ಮೇಳದ ನಿಲುವಂಗಿಗಳನ್ನೆಲ್ಲ ಹೊಲಿದವಳು ನನ್ನ ಅಕ್ಕ, ಬೆತ್ಸಬೆ. ಮೇಳಕ್ಕೆ ಅನ್ನ ಹಾಕಿದವಳೂ ಅವಳೇ. ಬೀದಿಯ ಮೂಲೆಯಲ್ಲಿ ಇದ್ದಲೊಲೆಯ ಮುಂದೆ ಕೂತು ಅರೇಪ, ಅಂದರೆ ಮೊಟ್ಟೆ ತುಂಬಿದ ಜೋಳದ ರೊಟ್ಟಿ, ಕರಿದು ಮಾರಿದಳು. ಬೆಳಗಾಗುವ ಮೊದಲೇ ಒಲೆ, ಸಂಜೆ ಮುಗಿದ ಮೇಲೂ ಒಲೆ. ಮದುವೆಯ ಮಾತು ಬಂದಾಗ "ನಾನು ಹೋದ್ರೆ ಇವನಿಗೆ ಯಾರು ಬೇಯಿಸಿ ಹಾಕ್ತಾರೆ" ಎನ್ನುತ್ತಿದ್ದಳು. ನಾನು ಹಾಡುತ್ತಿದ್ದೆ. ನನ್ನ ಗಂಟಲು ಕಂಚಿನದಾಯಿತು. ಹೊಗೆ ಕುಡಿದು ಕುಡಿದು ಅವಳ ಶ್ವಾಸಕೋಶ ಜರಡಿಯಾಯಿತು. ಈಗ ಅವಳು ಹಗಲೂ ರಾತ್ರಿ ಮೂಗಿಗೆ ಕೊಳವೆ ಹಾಕಿಕೊಂಡು ಆಕ್ಸಿಜನ್ ಮಷಿನ್ನಿನ ಪಕ್ಕದಲ್ಲಿ ಕುಳಿತಿರುತ್ತಾಳೆ. ಆ ಮಷಿನ್ ಗೋಡೆಯ ಕರೆಂಟಿನಿಂದ ನಡೆಯುತ್ತದೆ. ಕರೆಂಟ್ ಇದ್ದರೆ ಅಕ್ಕ ಇದ್ದಾಳೆ. ಇಷ್ಟನ್ನು ನೆನಪಿಟ್ಟುಕೊಳ್ಳಿ, ಉಳಿದದ್ದನ್ನು ಮರೆತರೂ ಚಿಂತೆಯಿಲ್ಲ.

ನಮ್ಮ ಬೀದಿಯ ತುದಿಯ ಕಂಬದ ಮೇಲೆ ಒಂದು ಟ್ರಾನ್ಸ್‌ಫಾರ್ಮರ್ ಇದೆ. ನಾವು ಅದನ್ನು ಪೆಟ್ಟಿಗೆ ಎನ್ನುತ್ತೇವೆ. ಬೀದಿಯಲ್ಲಿ ಹತ್ತಾರು ಮನೆಗಳಿದ್ದಾಗ ತಂದಿಟ್ಟದ್ದು. ಈಗ ಮನೆಯ ಮೇಲೆ ಮನೆ, ಅದರ ಹಿಂದೆ ಇನ್ನೊಂದು ಮನೆ. ಬಿಸಿಲು ನೆತ್ತಿಗೆ ಬಂದು ಎಲ್ಲರೂ ಫ್ಯಾನು ಹಾಕಿದ ಕೂಡಲೇ ಪೆಟ್ಟಿಗೆ ಗುರುಗುಟ್ಟುತ್ತದೆ, ಕೆಮ್ಮುತ್ತದೆ, ಸುಮ್ಮನಾಗುತ್ತದೆ. ಆಗ ಅಕ್ಕನ ಮಷಿನ್ ಕೀ ಕೀ ಎಂದು ಕೂಗಲು ತೊಡಗುತ್ತದೆ. ಆ ಕೂಗಿಗೆ ನಮ್ಮ ಬೀದಿಯ ನಾಯಿಗಳೂ ಈಗ ಎದ್ದು ನಿಲ್ಲುತ್ತವೆ. ತುರ್ತಿಗೆಂದು ಒಂದು ಸಿಲಿಂಡರ್ ಇದೆ. ಅದು ಮುಗಿಯುವುದರೊಳಗೆ ಕರೆಂಟ್ ಬಂದರೆ ಬಂತು.

ದೂರು ಕೊಡಲಿಲ್ಲವೇ ಎಂದು ಕೇಳುತ್ತೀರಿ. ಕೊಟ್ಟೆ. ಫೋನ್ ಮಾಡಿದೆ, ಸಂಗೀತ ಕೇಳಿಸಿದರು. ಸರದಿಯಲ್ಲಿ ನಿಂತೆ, ಚೀಟಿ ಕೊಟ್ಟರು. ಕೊನೆಗೆ ಎಲ್ಲರ ಹಾಗೆ ನಾನೂ ಮೊಬೈಲಿನಲ್ಲಿ, ಕಂಪನಿಯ ಪುಟದಲ್ಲಿ, ಜಗತ್ತೇ ನೋಡುವ ಜಾಗದಲ್ಲಿ ಬರೆದೆ. ಉತ್ತರ ಎಷ್ಟು ಬೇಗ ಬಂತೆಂದರೆ ನನ್ನ ಬೆರಳಿನ್ನೂ ಮೊಬೈಲಿನ ಮೇಲೇ ಇತ್ತು. 'ಪ್ರಿಯ ಅನೀಬಾಲ್, ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ. ದಯವಿಟ್ಟು ನಮ್ಮ ಇನ್‌ಬಾಕ್ಸ್‌ಗೆ ಬರೆಯಿರಿ.' ಆಹಾ, ಎಂಥ ಮರ್ಯಾದೆ ಎಂದುಕೊಂಡು ಒಳಗೆ ಹೋದೆ. ಒಳಗೆ ಹೆಸರು ಕೇಳಿದರು, ಗುರುತಿನ ಸಂಖ್ಯೆ ಕೇಳಿದರು, ಮೀಟರಿನ ಸಂಖ್ಯೆ ಕೇಳಿದರು, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಕೇಳಿದರು. ಆಮೇಲೆ ನಿಶ್ಶಬ್ದ. ಹೊರಗೆ ಬಂದು ನೋಡಿದರೆ ನನ್ನ ದೂರಿನ ಕೆಳಗೆ 'ಗ್ರಾಹಕರನ್ನು ಸಂಪರ್ಕಿಸಲಾಗಿದೆ' ಎಂದಿತ್ತು. ಅಂಗಡಿಯ ಮುಂದೆ ಗಲಾಟೆ ಮಾಡುವವನನ್ನು ಹೆಗಲ ಮೇಲೆ ಕೈಹಾಕಿ ಹಿತ್ತಲಿಗೆ ಕರೆದೊಯ್ದು, ಹಿತ್ತಲ ಬಾಗಿಲು ಹಾಕಿಕೊಂಡು ಬರುತ್ತಾರಲ್ಲ, ಹಾಗೆ.

ಅಕ್ಕ ಇದನ್ನೆಲ್ಲ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು. ಒಂದು ದಿನ ಹೇಳಿದಳು, "ಏನೋ ಅದು, ಅರ್ಜಿ ಗುಮಾಸ್ತನ ಥರ ಬರೀತೀಯ? ಯಾರು ಓದ್ತಾರೋ ಅದನ್ನ? ಅಪ್ಪನ ಮಗನಲ್ವಾ ನೀನು? ಹಾಡಿ ಬೈಯಿ."

ನಾನು ಬರೆದೆ. ಸಭಿಕರೇ, ಇಡೀ ಕರಾವಳಿಗೆ ಬಾಯಿಪಾಠವಾದ ಪದ್ಯ ಅದು. ಹಿಂದಿನ ಸಾಲಿನವರು ಆಗಲೇ ತುಟಿ ಅಲ್ಲಾಡಿಸುತ್ತಿದ್ದೀರಿ, ನನಗೆ ಕಾಣಿಸುತ್ತಿದೆ.

ನಮ್ಮ ಬೀದಿಯ ಕಂಬದ ಮೇಲೆ ಪೆಟ್ಟಿಗೆಯೊಂದು ಕೂತಿದೆ,
ಬಿಸಿಲು ಏರಿದ ಕೂಡಲೆ ಅದಕೆ ಮೂರ್ಛೆ ರೋಗ ಬಂದಿದೆ;
ಫ್ಯಾನು ನಿಂತಿತು, ಫ್ರಿಜ್ಜು ಬೆವರಿತು, ಅಕ್ಕನ ಉಸಿರು ಸಿಕ್ಕಿದೆ,
ಬಿಲ್ಲು ಮಾತ್ರ ಕತ್ತಲಲ್ಲೂ ದಾರಿ ಹುಡುಕಿ ಬಂದಿದೆ.

ಮೂರನೆಯ ಸಾಲಿಗೆ ನಾನು ಪಟ್ಟ ಪಾಡು ಯಾರಿಗೂ ಗೊತ್ತಿಲ್ಲ. ಬರೆಯುತ್ತ ಕೂತಾಗಲೇ ಕರೆಂಟ್ ಹೋಗಿತ್ತು. 'ಅಕ್ಕನ ಉಸಿರು ನಿಂತಿದೆ' ಎಂದರೆ ತೂಕ ಸರಿಹೋಗುತ್ತದೆ, ಆದರೆ ನಗು ಬರುವುದಿಲ್ಲ. 'ಕಟ್ಟಿದೆ' ಎಂದರೆ ಮೂಗು ಕಟ್ಟಿದಂತಾಗುತ್ತದೆ. ಬರೆದೆ, ಅಳಿಸಿದೆ, ಬರೆದೆ, ಅಳಿಸಿದೆ. ಅಕ್ಕ ಬಾಗಿಲ ಬಳಿ ಗಾಳಿಗೆ ಮುಖವೊಡ್ಡಿ ಕೂತು "ಬರಿ, ಬರಿ, ನಾನು ತಡ್ಕೋತೀನಿ" ಎಂದಳು. ಪಕ್ಕದ ಮನೆಯವಳು ರಟ್ಟಿನ ಮುಚ್ಚಳದಿಂದ ಅವಳಿಗೆ ಗಾಳಿ ಹಾಕುತ್ತಿದ್ದಳು. 'ಸಿಕ್ಕಿದೆ' ಎಂಬ ಪದ ಹೊಳೆದಾಗ ನಾನು ಕುರ್ಚಿಯಿಂದ ಎದ್ದು ಕುಣಿದೆ. ಅಂಥ ಪದ ಸುಮ್ಮನೆ ಸಿಗುವುದಿಲ್ಲ, ಸ್ವಾಮಿ.

ಏನಾಯಿತು? ಊರು ಹುಚ್ಚೆದ್ದಿತು. ಬಸ್ಸಿನಲ್ಲಿ ಹಾಡಿದರು, ಕ್ಷೌರದಂಗಡಿಯಲ್ಲಿ ಹಾಡಿದರು. ರೇಡಿಯೋದವರು ಕರೆದರು. ಮರುದಿನ ಕಂಪನಿಯ ಉತ್ತರ ಬಂತು. ಪದ್ಯದಲ್ಲಿ! ಯಾವ ದೇಶದ ಯಾವ ಕಂಪನಿ ಗಿರಾಕಿಗೆ ಪದ್ಯದಲ್ಲಿ ಉತ್ತರ ಕೊಟ್ಟಿದೆ, ಹೇಳಿ ನೋಡೋಣ?

ಅನೀಬಾಲಣ್ಣ, ನಿನ್ನ ಹಾಡಿಗೆ ನಮ್ಮ ದೀಪವೆ ನಾಚಿತು,
ಕಂಬದ ಮೇಲಿನ ಪೆಟ್ಟಿಗೆ ಕೂಡ ತಾಳ ಹಾಕಿ ಕುಣಿಯಿತು;
ಅಕ್ಕನಿಗೆ ಹೇಳು, ಉಸಿರು ಬಿಗಿದು... ಇನ್ನೊಂದು ಚೂರು ಕಾಯಲಿ,
ಇನ್‌ಬಾಕ್ಸಿಗೆ ನೀ ಬಂದು ಬರೆದರೆ ನಮ್ಮವರೆಲ್ಲ ನೋಡಲಿ.

ಶ್ವಾಸಕೋಶ ಹೋದವಳಿಗೆ ಉಸಿರು ಬಿಗಿಹಿಡಿದು ಕಾಯಲು ಹೇಳಿದರು. ಊರು ನಕ್ಕಿತು. ನಾನೂ ನಕ್ಕೆ. ಮೊಬೈಲನ್ನು ಅಕ್ಕನಿಗೆ ತೋರಿಸಿದೆ. ಅವಳೂ ನಕ್ಕಳು, ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು. "ಚೆನ್ನಾಗಿ ಬರೀತಾನೆ ಕಣೋ, ಯಾರವನು?" ಎಂದಳು.

ಅಲ್ಲಿಂದ ಶುರು ನೋಡಿ ನಮ್ಮ ಜುಗಲ್‌ಬಂದಿ. ನಾನು ಒಂದು ಪದ್ಯ, ಕಂಪನಿ ಒಂದು ಪದ್ಯ. ಕಾರ್ನಿವಲ್ ಬಂತು, ಹೋಯಿತು, ಉಪವಾಸದ ದಿನಗಳು ಬಂದವು, ಹೋದವು; ನಮ್ಮದು ಮುಗಿಯಲಿಲ್ಲ. ಬೇರೆಯವರೂ ಪದ್ಯದಲ್ಲಿ ದೂರು ಬರೆಯತೊಡಗಿದರು. ಪ್ರಾಸ ಚೆನ್ನಾಗಿದ್ದರೆ ಉತ್ತರ ಬರುತ್ತಿತ್ತು. 'ನಮ್ಮ ಮನೆಗೆ ಎರಡು ದಿನದಿಂದ ಕರೆಂಟಿಲ್ಲ, ಮಗು ಅಳುತ್ತಿದೆ' ಎಂದು ಬರಿಗದ್ಯದಲ್ಲಿ ಬರೆದ ಹೆಂಗಸರನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ. ಮೀನಂಗಡಿಯವನು ನನ್ನಿಂದ ದುಡ್ಡು ತೆಗೆದುಕೊಳ್ಳಲಿಲ್ಲ. ಹುಡುಗಿಯರು ಜೊತೆಗೆ ನಿಂತು ಫೋಟೋ ತೆಗೆಸಿಕೊಂಡರು. ಈ ವಯಸ್ಸಿನಲ್ಲಿ, ಈ ಹೊಟ್ಟೆಯಲ್ಲಿ. ನಮ್ಮಪ್ಪನಿಗೂ ಸಿಗದ ಹೆಸರು ನನಗೆ ಸಿಕ್ಕಿತು.

ಪೆಟ್ಟಿಗೆ? ಪೆಟ್ಟಿಗೆ ಕಂಬದ ಮೇಲೇ ಇತ್ತು.

ಒಂದು ಸಂಗತಿ ನನ್ನನ್ನು ಕೊರೆಯುತ್ತಿತ್ತು. ಕಂಪನಿಯ ಪದ್ಯಗಳಲ್ಲಿ ಮೂರನೆಯ ಸಾಲಿನ ನಡುವೆ ಒಂದು ನಿಲುಗಡೆ ಇರುತ್ತಿತ್ತು. ನೀವು ಗಮನಿಸಿರಲಿಕ್ಕಿಲ್ಲ. ಮೇಳದಲ್ಲಿ ಹಾಡಿದವನಿಗೆ ಅದು ಗೊತ್ತಾಗುತ್ತದೆ, ಮನೆಯ ಬಾಗಿಲು ತಟ್ಟುವ ರೀತಿಯಿಂದಲೇ ಬಂದವರು ಯಾರೆಂದು ಗೊತ್ತಾಗುವ ಹಾಗೆ. ಈ ಊರಿನಲ್ಲಿ ಮೂರನೆಯ ಸಾಲಿನಲ್ಲಿ ಹಾಗೆ ನಿಲ್ಲುವವನು ಒಬ್ಬನೇ: ಎಲಿಯೇಸರ್ ಪಚೇಕೊ. ನಮ್ಮಪ್ಪನ ಮೇಳದಲ್ಲಿ ನನ್ನ ಎಡಗಡೆ ನಿಂತು ಹಾಡಿದವನು. ಅಕ್ಕನ ಅರೇಪ ತಿಂದು ಬೆಳೆದವನು.

ಭಾನುವಾರ ಮಧ್ಯಾಹ್ನ ಅವನ ಮನೆ ಹುಡುಕಿಕೊಂಡು ಹೋದೆ. ಬನಿಯನ್ನಿನಲ್ಲಿ ಜಗಲಿಯ ತೂಗುಕುರ್ಚಿಯ ಮೇಲೆ ಕೂತು ಬೆವರುತ್ತಿದ್ದ. ನನ್ನನ್ನು ಕಂಡು ಏಳಲಿಲ್ಲ.

"ಬಾ ಅಣ್ಣ. ಇಷ್ಟು ದಿನ ಬೇಕಾಯ್ತಾ ಕಂಡುಹಿಡಿಯೋಕೆ?"

"ಮೂರನೇ ಸಾಲಲ್ಲಿ ಮುಗ್ಗರಿಸೋ ಚಾಳಿ ಇನ್ನೂ ಬಿಟ್ಟಿಲ್ವಲ್ಲೋ ನೀನು."

"ಮುಗ್ಗರಿಸೋದಲ್ಲ ಅದು. ಮೇಳ ಉಸಿರು ತಗೊಳ್ಳೋಕೆ ಜಾಗ ಬಿಡೋದು. ನಿಮ್ಮಪ್ಪನೇ ಕಲಿಸಿದ್ದು."

"ಜಾಗ ಬಿಟ್ಟಿದ್ದು ಸಾಕು. ಪೆಟ್ಟಿಗೆ ಬದಲಾಯಿಸೋಕೆ ಹೇಳು, ಎಲಿಯೇಸರ್. ಅಕ್ಕನ ಕೈಲಿ ಆಗ್ತಿಲ್ಲ."

"ಯಾರಿಗೆ ಹೇಳ್ಲಿ? ಏಣಿ, ಲಾರಿ, ತಂತಿ ಇರೋರು ಬೇರೆ ಕಟ್ಟಡದಲ್ಲಿದಾರೆ. ಅವರ ಮುಖ ನಾನು ನೋಡಿಲ್ಲ. ನನ್ನ ಮುಂದೆ ಇರೋದು ಒಂದು ಕಂಪ್ಯೂಟರ್ ಪರದೆ. ಜನ ಬೈದ್ರೆ ದೂರು ಕೆಂಪಾಗುತ್ತೆ. ತುಂಬ ಕೆಂಪಾದ್ರೆ ಮೇಲಿನವರಿಗೆ ಭಯ ಆಗುತ್ತೆ, ಫೋನ್ ಹೋಗುತ್ತೆ, ಲಾರಿ ಹೊರಡುತ್ತೆ. ಜನ ನಕ್ಕರೆ ಹಸಿರಾಗುತ್ತೆ. ಹಸಿರಾದ್ರೆ ನನ್ನ ಬೆನ್ನು ತಟ್ಟಿ ಸುಮ್ಮನಾಗ್ತಾರೆ."

"ನಮ್ಮ ಬೀದೀದು?"

ಅವನು ನನ್ನ ಮುಖ ನೋಡಲಿಲ್ಲ. "ನಿಮ್ಮದಾ? ಈ ಕರಾವಳೀಲಿ ನಿಮ್ಮಷ್ಟು ಹಸಿರು ಬೀದಿ ಇನ್ನೊಂದಿಲ್ಲ ಅಣ್ಣ."

ಸಭಿಕರೇ, ನಾನು ರಂಗದ ಮೇಲೆ ಬೆಳೆದವನು. ಸಾಯುವ ಪಾತ್ರ ಮಾಡಿದ್ದೇನೆ, ಎದೆಗೆ ಬಾಣ ನೆಟ್ಟು ಬಿದ್ದಿದ್ದೇನೆ. ಆ ಜಗಲಿಯ ಮೇಲೆ ನಿಂತಾಗ ಎಲ್ಲಿ ಬೀಳಬೇಕೆಂದು ನನಗೆ ತಿಳಿಯಲಿಲ್ಲ. ನಾವು ಕಲ್ಲು ಎಸೆದಿದ್ದರೆ ಲಾರಿ ಬರುತ್ತಿತ್ತು. ಟೈರು ಸುಟ್ಟಿದ್ದರೆ ಬರುತ್ತಿತ್ತು. ಕೆಟ್ಟ ಕೆಟ್ಟ ಮಾತಿನಲ್ಲಿ ತಾಯಿ ತಂಗಿಯರನ್ನು ಎಳೆದು ಬೈದಿದ್ದರೂ ಬರುತ್ತಿತ್ತು. ನಾವೋ, ಹಾಡಿದೆವು. ಬೇರೆ ಯಾವ ಊರಿನವರೂ ಈ ತಪ್ಪು ಮಾಡಲಾರರು.

ಆಗ ನನಗೊಂದು ವಿಷಯ ಹೊಳೆಯಿತು. ಮನೆಯೊಳಗೆ ಕತ್ತಲೆ, ಫ್ಯಾನು ನಿಂತಿದೆ. ಕೇಳಿದೆ, "ನಿನ್ನ ಮನೇಲೂ ಕರೆಂಟಿಲ್ವಾ?"

"ಬೆಳಗಿನಿಂದ ಇಲ್ಲ. ನಾನೂ ದೂರು ಹಾಕಿದೀನಿ, ನನ್ನ ಹೆಂಡತಿ ಹೆಸರಲ್ಲಿ."

"ಉತ್ತರ ಬಂತಾ?"

"ನಾನೇ ಕೊಟ್ಟೆ. 'ಪ್ರಿಯ ನೂರಿಸ್, ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ.' ಅವಳು ಪಕ್ಕದಲ್ಲೇ ಕೂತು ಬೀಸಣಿಗೆ ಬೀಸ್ಕೋತಿದ್ಲು. ಓದಿ, 'ಇರಲಿ ಬಿಡಿ' ಅಂದ್ಲು."

ಹೊರಡುವಾಗ ಎಲಿಯೇಸರ್ ನನ್ನ ತೋಳು ಹಿಡಿದುಕೊಂಡ. "ಅಣ್ಣ, ಪದ್ಯ ಬಿಟ್ಟುಬಿಡು. ಹಂಗೇ ಬರಿ, ಬಿರುಸಾಗಿ ಬರಿ. ನಾನು ಉತ್ತರ ಕೊಡಲ್ಲ. ಕೆಂಪಾಗೋಕೆ ಬಿಡ್ತೀನಿ."

ಅವತ್ತೇ ಬರೆದೆ. ಇಷ್ಟೇ ಬರೆದೆ: 'ನನ್ನ ಅಕ್ಕ ಬೆತ್ಸಬೆಗೆ ಉಸಿರಾಡಲು ಆಗುತ್ತಿಲ್ಲ. ಅವಳ ಮಷಿನ್ನಿಗೆ ಕರೆಂಟ್ ಬೇಕು. ಸೆಯ್ಬಿತಾ ಬಡಾವಣೆಯ ಟ್ರಾನ್ಸ್‌ಫಾರ್ಮರ್ ಬದಲಿಸಿ. ಇದು ಹಾಡಲ್ಲ.' ನನ್ನ ಬದುಕಿನಲ್ಲಿ ಅಷ್ಟು ಚಿಕ್ಕದಾಗಿ ನಾನು ಏನನ್ನೂ ಹೇಳಿಲ್ಲ.

ಜನ ಏನು ಮಾಡಿದರು? ನೀವು ಏನು ಮಾಡಿದಿರಿ? ನಕ್ಕಿರಿ. 'ಪ್ರಾಸ ಎಲ್ಲಪ್ಪ ಅನೀಬಾಲ್?' ಎಂದಿರಿ. 'ಮಾವ ಇವತ್ತು ಕುಡಿದಿಲ್ಲ ಅನ್ಸುತ್ತೆ' ಎಂದಿರಿ. 'ಇದು ಹಾಡಲ್ಲ ಅನ್ನೋದೇ ಹಾಡು, ಎಂಥ ಕಲಾವಿದ' ಎಂದು ಒಬ್ಬ ಮೇಷ್ಟ್ರು ಬರೆದರು. ನಗುವ ಮುಖಗಳು ಸಾಲು ಸಾಲಾಗಿ ಬಂದು ಕೂತವು, ಜಾತ್ರೆಯ ಬಲೂನುಗಳ ಹಾಗೆ. ಆ ವಾರ ಮುಗಿಯುವ ಹೊತ್ತಿಗೆ ಕಂಪನಿಯ ಉತ್ತರವೂ ಬಂತು. ನಾಲ್ಕು ಸಾಲು. ಮೂರನೆಯ ಸಾಲಿನ ನಡುವೆ ಅದೇ ನಿಲುಗಡೆ.

ಎಲಿಯೇಸರನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. "ಅಕ್ಕನ ಅನ್ನ ತಿಂದವನಲ್ವೇನೋ ನೀನು? ನಾಚಿಕೆ ಆಗಲ್ವಾ?"

ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಹೇಳಿದ, "ನಾನಲ್ಲ ಅಣ್ಣ. ನಾನು ಉತ್ತರ ಕೊಡದೆ ಕೂತಿದ್ದು ನೋಡಿ ಮನೆಗೆ ಕಳಿಸಿಬಿಟ್ರು. ಈಗ ಯಂತ್ರ ಬರಿಯುತ್ತೆ. ನಂದೂ ನಿಂದೂ ಪದ್ಯ ಅಷ್ಟನ್ನೂ ಅದಕ್ಕೆ ತಿನ್ನಿಸಿದಾರೆ. ನಾನೂ ಈಗ್ಲೇ ಓದ್ದೆ. ನನಗಿಂತ ಚೆನ್ನಾಗಿ ನಿಲ್ಲುತ್ತೆ ಕಣಣ್ಣ ಅದು, ಮೂರನೇ ಸಾಲಲ್ಲಿ."

ಇಲ್ಲಿ ಮುಂದಿನ ಸಾಲಿನಲ್ಲಿ ಯಾರೋ ಕೈಗಡಿಯಾರ ನೋಡಿದಿರಿ. ಊಟ ತಣ್ಣಗಾಗುತ್ತಿದೆ, ಗೊತ್ತು. ತೊಗರಿಯ ಸಾರಿನ ವಾಸನೆ ನನಗೂ ಬರುತ್ತಿದೆ. ಇನ್ನು ಹೆಚ್ಚು ಹೇಳುವುದಿಲ್ಲ.

ಹೋದ ತಿಂಗಳು ಡಾಕ್ಟರ್ ಇವೊನ್ ಅವರು ನಮ್ಮ ಮನೆಗೆ ದಯಮಾಡಿಸಿದರು. ನಮ್ಮೂರಿನಲ್ಲಿ ಎಸಿ ಕೋಣೆಯಲ್ಲಿ ಕೂರುವವರೆಲ್ಲ ಡಾಕ್ಟರರೇ, ಹಾಗಾಗಿ ಅಕ್ಕನಿಗೆ ಮೊದಲು ಗಲಿಬಿಲಿಯಾಯಿತು. ಎದೆ ಪರೀಕ್ಷಿಸಲು ಬಂದವರೆಂದುಕೊಂಡು ಕುತ್ತಿಗೆಯ ಗುಂಡಿ ಬಿಚ್ಚಿದಳು. ಡಾಕ್ಟರಮ್ಮ ಅವಳನ್ನು ಅಪ್ಪಿಕೊಂಡರು. ಕ್ಯಾಮೆರಾದವನು "ಇನ್ನೊಂದು ಸಲ, ಅಮ್ಮ" ಎಂದ. ಇನ್ನೊಂದು ಸಲ ಅಪ್ಪಿಕೊಂಡರು. ಅವತ್ತು ಇಡೀ ದಿನ ಕರೆಂಟ್ ಹೋಗಲಿಲ್ಲ. ಹೇಗೆ ಎಂದು ನಾನು ಕೇಳುವುದಿಲ್ಲ.

"ನಿಮ್ಮಕ್ಕ ಎಷ್ಟು ಚೆಂದ ನಗ್ತಾರೆ ಅನೀಬಾಲ್ ಅವರೇ" ಎಂದರು ಡಾಕ್ಟರಮ್ಮ.

ಅಕ್ಕ ಈಗೀಗ ಪೂರ್ತಿ ವಾಕ್ಯ ಮಾತಾಡುವುದಿಲ್ಲ. ಎರಡು ಪದ, ಒಂದು ಉಸಿರು. ಎರಡು ಪದ, ಒಂದು ಉಸಿರು. ಡಾಕ್ಟರಮ್ಮನ ಕೈ ಹಿಡಿದುಕೊಂಡು ಹಾಗೇ ಕೇಳಿದಳು, "ಮಗಳೇ, ಪೆಟ್ಟಿಗೆ... ಯಾವಾಗ ಬದಲಾಯಿಸ್ತೀರಾ?"

"ಅದು ಬೇರೆ ವಿಭಾಗ ಅಮ್ಮ. ನಾನು ಖಂಡಿತ ತಿಳಿಸ್ತೀನಿ."

"ಅವರಿಗೆ... ಹಾಡು ಬರುತ್ತಾ?" ಎಂದಳು ಅಕ್ಕ.

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಅವಳು ನಿಜವಾಗಿಯೂ ಕೇಳಿದ್ದಳು. ಡಾಕ್ಟರಮ್ಮ ಬೇಸರಪಟ್ಟುಕೊಳ್ಳಬಾರದು, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ನೀವು ತಿಳಿಸಿರುತ್ತೀರಿ, ಅವರು ನಿಮಗೂ ವಿಷಾದಿಸಿರುತ್ತಾರೆ. ಇವತ್ತಿನ ಭಾಷಣ ಪದ್ಯದಲ್ಲಿರಲಿ ಎಂದು ನೀವು ಕೇಳಿಕೊಂಡಿದ್ದಿರಿ. ನಡೆಸಿಕೊಡಲಾಗಲಿಲ್ಲ. ಕ್ಷಮಿಸಿ. ನಿನ್ನೆ ಕೂತು ನೋಡಿದೆ. ಅಕ್ಕನ ಬೆರಳ ತುದಿಗಳು ನೀಲಿಯಾಗಿದ್ದವು. ನೀಲಿಗೆ ಪ್ರಾಸ ಬೇಕಾದಷ್ಟಿದೆ. ಮನಸ್ಸು ಒಂದನ್ನೂ ಹಿಡಿಯಲಿಲ್ಲ.

ನಿಜವಾದ ಡಾಕ್ಟರರು ಹೇಳಿದ್ದು ಇಷ್ಟು: ಕರೆಂಟ್ ಹೋಗದ ಜಾಗದಲ್ಲಿ ಇಟ್ಟುಕೊಳ್ಳಿ, ಇನ್ನಷ್ಟು ಕಾಲ ಇರುತ್ತಾರೆ. ಕರೆಂಟ್ ಹೋಗುತ್ತ ಬರುತ್ತ ಇದ್ದರೆ ನಾನು ಹೊಣೆಯಲ್ಲ. ಆಸ್ಪತ್ರೆಯವರು 'ಅವರ ಸ್ಥಿತಿ ಇನ್ನೂ ಅಷ್ಟು ಕೆಟ್ಟಿಲ್ಲ, ಕೆಟ್ಟ ಮೇಲೆ ಕರೆತನ್ನಿ' ಎಂದರು. ಬಂಧುಗಳ ಮನೆಗಳನ್ನು ನೆನೆದುಕೊಂಡೆ. ಎಲ್ಲರ ಬೀದಿಯಲ್ಲೂ ಒಂದೊಂದು ಪೆಟ್ಟಿಗೆ, ಎಲ್ಲವಕ್ಕೂ ಮೂರ್ಛೆ. ಯೋಚಿಸಿದೆ, ಈ ಊರಿನಲ್ಲಿ ಕರೆಂಟ್ ಹೋಗದ ಜಾಗ ಯಾವುದು? ಯೋಚಿಸಿದೆ, ಬಹಳ ಯೋಚಿಸಿದೆ, ಕೊನೆಗೆ ನನಗೆ ಗೊತ್ತಿರುವ ಒಂದೇ ಜಾಗ ನೆನಪಾಯಿತು.

ಮಾನ್ಯ ನಿರ್ದೇಶಕರೇ, ನಿಮ್ಮ ಮುಖ್ಯ ಕಚೇರಿಯ ಕೆಳಗಿನ ಮಹಡಿಯಲ್ಲಿ, ಗ್ರಾಹಕರು ಕಾಯುವ ಕೋಣೆಯಲ್ಲಿ, ಕುಡಿಯುವ ನೀರಿನ ಪಕ್ಕದ ಗೋಡೆಗೆ ಒಂದು ಪ್ಲಗ್ ಇದೆ. ನಾಳೆ ಬೆಳಿಗ್ಗೆ ನಿಮ್ಮ ಬಾಗಿಲು ತೆರೆಯುವ ಹೊತ್ತಿಗೆ ನಾನು ಅಕ್ಕನನ್ನು, ಅವಳ ಕುರ್ಚಿಯನ್ನು, ಮಷಿನ್ನನ್ನು ಟ್ಯಾಕ್ಸಿಯಲ್ಲಿ ತರುತ್ತೇನೆ. ಟ್ಯಾಕ್ಸಿಗೆ ಹೇಳಿಯಾಗಿದೆ. ಆ ಪ್ಲಗ್ಗಿಗೆ ಮಷಿನ್ ಹಾಕುತ್ತೇನೆ. ಅಕ್ಕ ಅಲ್ಲಿ ಕೂರುತ್ತಾಳೆ.

ನೀವು ನಗುತ್ತಿದ್ದೀರಿ. ಚಪ್ಪಾಳೆ ತಟ್ಟುತ್ತಿದ್ದೀರಿ. ಸ್ವಲ್ಪ ನಿಲ್ಲಿಸಿ, ದಯವಿಟ್ಟು. ನಿಲ್ಲಿಸಿ.

ಇದು ಪ್ರತಿಭಟನೆಯಲ್ಲ. ಫಲಕ ಹಿಡಿದು ಬರುವುದಿಲ್ಲ, ಘೋಷಣೆ ಕೂಗುವುದಿಲ್ಲ. ಪೆಟ್ಟಿಗೆ ಬದಲಾಗುತ್ತದೆ ಎಂಬ ನಂಬಿಕೆ ನನಗಿಲ್ಲ. ಆ ನಂಬಿಕೆ ಮುಗಿದಿದೆ. ನಿಮ್ಮವರು ಕ್ಯಾಮೆರಾ ತರುತ್ತಾರೆ, ಅಕ್ಕನಿಗೆ ಹಣ್ಣಿನ ರಸ ಕೊಡುತ್ತಾರೆ, ಮಧ್ಯಾಹ್ನದ ಹೊತ್ತಿಗೆ ಅದೂ ಹಸಿರಾಗುತ್ತದೆ. ಆಗಲಿ. ಸಂಜೆ ನೀವು ಬಾಗಿಲು ಹಾಕಿಕೊಂಡಾಗ ಅವಳನ್ನು ಎಲ್ಲಿಗೆ ಕರೆದುಕೊಂಡು ಹೋಗಬೇಕೆಂದು ನನಗೆ ಗೊತ್ತಿಲ್ಲ. ಸಂಜೆಯವರೆಗೆ ಅವಳು ಉಸಿರಾಡುತ್ತಾಳೆ. ಅಷ್ಟಕ್ಕೆ ಬರುತ್ತೇವೆ.

ಇಷ್ಟು ಹೊತ್ತು ಕೇಳಿದ್ದಕ್ಕೆ ನಿಮ್ಮೆಲ್ಲರ ಋಣ ನನ್ನ ಮೇಲಿದೆ. ಕಾವಲಿನವರಲ್ಲಿ ಒಂದೇ ವಿನಂತಿ: ನಾಳೆ ಬೆಳಿಗ್ಗೆ ಬಾಗಿಲಿನ ಎರಡೂ ರೆಕ್ಕೆ ತೆಗೆಯಿರಿ, ಕುರ್ಚಿ ಅಗಲವಾಗಿದೆ. ಎಲ್ಲರಿಗೂ ನಮಸ್ಕಾರ.